ಕಪ್ಪು ಹೊಡೆದ ಗ್ರಿಲ್ ಬೆಳ್ಳಗಾದರೆ: ಕರಾವಳಿಯಲ್ಲಿ ಸುಲಿಯುವ ರಬ್ಬರ್ ಸ್ಪ್ರೇ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಾಳಿ ನದಿ ಸಮುದ್ರ ಸೇರುವ ಅಳಿವೆ ಇಲ್ಲಿಗೆ ಹತ್ತಿರ. ಅಂಗಳದಲ್ಲಿ ನಿಂತ ಕಾರಿನ ಮೇಲೆ ಬೆಳಿಗ್ಗೆ ಬೆರಳಾಡಿಸಿದರೆ ವರ್ಷದ ಹೆಚ್ಚಿನ ದಿನ ಅಂಟಂಟು. ಮುಂದಿನ ಕ್ರೋಮ್ ಗ್ರಿಲ್‌ನಲ್ಲಿ ಸಣ್ಣ ಸಣ್ಣ ಚುಕ್ಕೆ ಏಳತೊಡಗಿದಾಗ, ಕಪ್ಪು ಮಾಡಿಬಿಡೋಣ, ಬೇಡವೆನಿಸಿದ ದಿನ ಸುಲಿದು ತೆಗೆಯೋಣ ಎಂದು ಎರಡು ಡಬ್ಬಿ ರಬ್ಬರ್ ಸ್ಪ್ರೇ ತಂದೆ. ಸೆಪ್ಟೆಂಬರ್ ಕೊನೆಯ ವಾರ, ಮಳೆ ಹೊಳವಾದ ಒಂದು ಸಂಜೆ. ಮೂರನೇ ಕೋಟ್ ಮುಗಿದು ಹತ್ತು ನಿಮಿಷ ಆಗಿರಲಿಲ್ಲ, ಕಪ್ಪಿನ ಮೇಲೆ ಬೂದಿ ಹಾರಿ ಕೂತ ಹಾಗೆ ಬಿಳಿ ಮಬ್ಬು ಎದ್ದಿತು. ಒರೆಸಿದರೆ ಹೋಗಲಿಲ್ಲ. ಎರಡನೇ ಡಬ್ಬಿ ತೆಗೆದೆ, ಅದೂ ಹಾಗೆಯೇ. ಅದೇ ವಾರ ಶಿರಸಿಯಿಂದ ಭಾವನ ಫೋನ್: "ಬೆಳ್ಳಗೆ ಆಗೋತು ಭಾವ, ಡಬ್ಬಿನೇ ಸರಿ ಇಲ್ಲೆ ಕಾಣ್ತು." ಅವನು ತಂದದ್ದು ಬೇರೆ ಅಂಗಡಿಯಿಂದ, ಬೇರೆ ಕಂಪನಿಯದು.

ಉಳಿದ ಅರ್ಧ ಡಬ್ಬಿಯನ್ನು ಎಸೆಯದೆ ಇಟ್ಟಿದ್ದೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಹತ್ತೂವರೆಗೆ, ಘಟ್ಟದ ಕಡೆಯ ಒಣಗಾಳಿ ಇನ್ನೂ ಬೀಸುತ್ತಿದ್ದಾಗ, ಅದೇ ಡಬ್ಬಿಯಿಂದ ಅದೇ ಗ್ರಿಲ್‌ನ ಇನ್ನೊಂದು ಪಟ್ಟಿಗೆ ಹೊಡೆದೆ. ಕಾಡಿಗೆಯಂಥ ಕಪ್ಪು ಬಂತು. ಅಂದಿನಿಂದ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ನಮ್ಮ ಕಡೆ ಈ ಕೆಲಸ ಕೆಟ್ಟರೆ ಡಬ್ಬಿಯನ್ನು ದೂರುವ ಮೊದಲು ಗಾಳಿಯಲ್ಲಿರುವ ನೀರನ್ನೂ ಕಾರಿನ ಮೇಲಿರುವ ಉಪ್ಪನ್ನೂ ವಿಚಾರಿಸಿ.

ಡಬ್ಬಿಯೊಳಗೆ ಏನಿದೆ ಎಂದು ಗೊತ್ತಿದ್ದರೆ ಅರ್ಧ ದೋಷ ತಾನಾಗಿಯೇ ಅರ್ಥವಾಗುತ್ತದೆ. ಪ್ಲಾಸ್ಟಿ ಡಿಪ್ ಮಾದರಿಯ ಈ ಸ್ಪ್ರೇಗಳಲ್ಲಿ ಇರುವುದು ದ್ರಾವಕದಲ್ಲಿ ಕರಗಿಸಿದ ಕೃತಕ ರಬ್ಬರ್. ದ್ರಾವಕ ಬೇಗ ಆರಿಹೋಗುತ್ತದೆ, ರಬ್ಬರಿನ ಪೊರೆ ಉಳಿಯುತ್ತದೆ. ಮಾಮೂಲಿ ಪೇಂಟಿನ ಹಾಗೆ ಅದು ಕೆಳಗಿನ ಮೈಗೆ ಕಚ್ಚಿಕೊಳ್ಳುವುದಿಲ್ಲ, ಕೇವಲ ಅಪ್ಪಿಕೊಂಡು ಕೂರುತ್ತದೆ. ಸುಲಿಯಲು ಬರುವುದು ಆ ಕಾರಣಕ್ಕೇ. ಅಪ್ಪುಗೆ ಗಟ್ಟಿಯಾಗಬೇಕಾದರೆ ಕೆಳಗಿನ ಮೈ ಶುದ್ಧವಿರಬೇಕು, ಪೊರೆ ದಪ್ಪವಿರಬೇಕು, ಆರುವಾಗ ನಡುವೆ ನೀರು ಸೇರಬಾರದು. ಮುಂದೆ ಹೇಳುವ ಬಹುಪಾಲು ದೋಷಗಳು ಈ ಮೂರರಲ್ಲಿ ಒಂದು ತಪ್ಪಿದ್ದರಿಂದ ಆದವು.

ಮೊದಲು ಕೇಳಿಕೊಳ್ಳಬೇಕಾದದ್ದು

ದೋಷ ಯಾವಾಗ ಕಣ್ಣಿಗೆ ಬಿತ್ತು? ಹೊಡೆದ ಕಾಲು ಗಂಟೆಯೊಳಗೆ ಕಂಡಿದ್ದರೆ ಗಾಳಿ, ಬಿಸಿಲು ಅಥವಾ ಕೈಯ ದೂರದ ತಪ್ಪು. ಮರುದಿನ ಬೆಳಿಗ್ಗೆ ಕಂಡಿದ್ದರೆ ಹೆಚ್ಚಾಗಿ ಇಬ್ಬನಿ, ಇಲ್ಲವೇ ಆರುವ ಮೊದಲೇ ಮುಂದಿನ ಕೋಟ್ ಹೊಡೆದ ಅವಸರ. ವಾರಗಳ ನಂತರ ಅಂಚು ಎದ್ದಿದ್ದರೆ, ಗುಳ್ಳೆ ಬಂದಿದ್ದರೆ, ಪೊರೆಯ ಕೆಳಗೆ ಏನೋ ಇದೆ.

ಆಮೇಲೆ ಟೈಲ್ಸ್ ಪರೀಕ್ಷೆ. ಮನೆ ಕಟ್ಟಿಸಿದಾಗ ಉಳಿದ ನುಣುಪು ಟೈಲ್ಸ್ ತುಂಡನ್ನು ಸೋಪಿನಲ್ಲಿ ತೊಳೆದು, ಒರೆಸಿ, ಕಾರಿನ ಪಕ್ಕದಲ್ಲಿಯೇ ನಿಲ್ಲಿಸಿ. ಗ್ರಿಲ್‌ಗೆ ಹೊಡೆದ ಹಾಗೆಯೇ ಅದಕ್ಕೂ ಎರಡು ಕೋಟ್ ಹೊಡೆಯಿರಿ. ಟೈಲ್ಸೂ ಕೆಟ್ಟರೆ ತಪ್ಪು ಗಾಳಿಯದು ಅಥವಾ ಡಬ್ಬಿಯದು. ಟೈಲ್ಸ್ ಚೆನ್ನಾಗಿ ಬಂದು ಗ್ರಿಲ್ ಮಾತ್ರ ಕೆಟ್ಟರೆ ತಪ್ಪು ಗ್ರಿಲ್‌ನ ಮೈಮೇಲಿದೆ. ಗಾಳಿಯೋ ಡಬ್ಬಿಯೋ ಎಂದು ಬೇರ್ಪಡಿಸಲು ಇನ್ನೊಂದು ತುಂಡಿಗೆ ಒಣ ದಿನದ ತನಕ ಕಾದು ಹೊಡೆಯಿರಿ. ಆಗಲೂ ಕೆಟ್ಟರೆ ಮಾತ್ರ ಡಬ್ಬಿಯನ್ನು ಅಂಗಡಿಗೆ ಒಯ್ಯಿರಿ. ಈ ಒಂದು ತುಂಡು ಟೈಲ್ಸ್ ನನ್ನ ಹತ್ತಿರ ಮೊದಲೇ ಇದ್ದಿದ್ದರೆ ಎರಡನೇ ಡಬ್ಬಿಯ ದುಡ್ಡು ಉಳಿಯುತ್ತಿತ್ತು.

ಬಿಳಿ ಮಬ್ಬು

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಬಿಳುಪಿನಲ್ಲಿ ಮೂರು ಬಗೆ. ಬೆರಳ ತುದಿಯಿಂದ ಸವರಿ ನೋಡಿ. ಮೈ ನುಣುಪಾಗಿಯೇ ಇದ್ದು ಒಳಗಿನಿಂದ ಹಾಲು ಬೆರೆತ ಹಾಗೆ ಕಂಡರೆ ಅದು ಸಿಕ್ಕಿಕೊಂಡ ತೇವ. ಉಪ್ಪುಕಾಗದದ ಹಾಗೆ ಒರಟಾಗಿದ್ದರೆ ತೀರ ದೂರದಿಂದ ಹೊಡೆದಿದ್ದೀರಿ, ಹನಿಗಳು ದಾರಿಯಲ್ಲೇ ಅರೆ ಒಣಗಿ ಪುಡಿಯಾಗಿ ಕೂತಿವೆ. ಬೆರಳಿಗೆ ಬಿಳಿ ಪುಡಿ ಅಂಟಿ ಕೆಳಗೆ ಕಪ್ಪು ಸರಿಯಾಗಿ ಕಂಡರೆ ಅದು ತೊಳೆದ ನೀರು ಆರಿ ಉಳಿದ ಕಲೆ. ಕರಾವಳಿಯ ಎಷ್ಟೋ ಬಾವಿಗಳಲ್ಲಿ ಬೇಸಿಗೆಗೆ ನೀರು ಸವಳಾಗುತ್ತದೆ, ಆ ನೀರಲ್ಲಿ ತೊಳೆದು ಬಿಸಿಲಲ್ಲಿ ಬಿಟ್ಟರೆ ಹನಿ ಹನಿಗೂ ಒಂದೊಂದು ಬಿಳಿ ಬಳೆ ಉಳಿಯುತ್ತದೆ. ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು.

ತೇವದ ಮಬ್ಬು ಹೇಗೆ ಹುಟ್ಟುತ್ತದೆ ನೋಡಿ. ದ್ರಾವಕ ಆರುವಾಗ ಕೆಳಗಿನ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಕೈಗೆ ಸ್ಪಿರಿಟ್ ಸವರಿದಾಗ ತಣ್ಣಗಾಗುತ್ತದಲ್ಲ, ಹಾಗೆ. ಗಾಳಿಯ ಉಷ್ಣತೆ 28 ಡಿಗ್ರಿ, ತೇವಾಂಶ ಶೇ. 60 ಇದ್ದರೆ, ಆ ಮೈ 19 ಡಿಗ್ರಿಯ ಹತ್ತಿರಕ್ಕೆ ಇಳಿಯುವ ತನಕ ಅದರ ಮೇಲೆ ಇಬ್ಬನಿ ಕೂರುವುದಿಲ್ಲ. ಅದೇ 28 ಡಿಗ್ರಿಯಲ್ಲಿ ತೇವಾಂಶ ಶೇ. 90 ಆದರೆ 26 ಡಿಗ್ರಿಗೆ ಇಳಿದರೂ ಸಾಕು. ಎರಡೇ ಡಿಗ್ರಿ! ಕಣ್ಣಿಗೆ ಕಾಣದ ಆ ಇಬ್ಬನಿ ಇನ್ನೂ ಹಸಿಯಾಗಿರುವ ರಬ್ಬರಿನೊಳಗೆ ಸೇರಿ, ಮೇಲಿನ ಪೊರೆ ಮುಚ್ಚಿಕೊಂಡ ಮೇಲೆ ಹೊರಬರಲಾಗದೆ ಬೆಳ್ಳಗೆ ಕಾಣುತ್ತದೆ. ಡಬ್ಬಿಯೂ ಒತ್ತಿದಷ್ಟೂ ತಣ್ಣಗಾಗುತ್ತದೆ, ಸ್ಪ್ರೇಯೂ ತಣ್ಣಗೆ ಬಂದು ಬೀಳುತ್ತದೆ.

ಶಿರಸಿಯ ಭಾವನಿಗೆ ಇದನ್ನು ವಿವರಿಸುವಾಗ ಅವನು ಒಂದು ಒಳ್ಳೆಯ ಪ್ರಶ್ನೆ ಕೇಳಿದ. ಅಡಿಕೆಗೆ ಕೊಳೆ ಔಷಧಿ ಹೊಡೆಯುವಾಗ ಹೊಳವು ಕಾದರೆ ಸಾಕಲ್ಲ, ಇದಕ್ಕೇಕೆ ಸಾಲುವುದಿಲ್ಲ? ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವೇ ನೀರಿನದು, ಮಳೆ ನಿಂತು ಗೊನೆಯ ಮೇಲೆ ಆರಿದರೆ ಮುಗಿಯಿತು. ರಬ್ಬರಿಗೆ ನೀರೇ ವೈರಿ. ಮಳೆ ನಿಂತರೂ ಗಾಳಿಯಲ್ಲಿ ನೀರು ತುಂಬಿರುತ್ತದೆ. ಹೊಳವಾದ ಮೊದಲ ಗಂಟೆಗಳಲ್ಲಿ ನೆಲ, ಮರ, ಹಂಚು ಎಲ್ಲ ಆವಿ ಬಿಡುವಾಗ ಅದು ಇನ್ನೂ ಕೆಟ್ಟದ್ದು. ನಾನು ಮೊದಲ ಸಲ ಆರಿಸಿಕೊಂಡದ್ದು ಅದೇ ಹೊತ್ತನ್ನು.

ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಿಲ್ಲದಿದ್ದರೆ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಶುದ್ಧ ಉಪ್ಪು ಸುಮಾರು ಶೇ. 75 ತೇವಾಂಶ ದಾಟಿದ ಮೇಲೆ ಗಾಳಿಯ ನೀರನ್ನು ಎಳೆದು ಕರಗತೊಡಗುತ್ತದೆ. ಸಾಣಿಕಟ್ಟೆಯಂಥ ಗದ್ದೆಗಳಿಂದ ಬರುವ ಹರಳುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಸ್ವಲ್ಪ ಇರುವುದರಿಂದ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ. ನಮಗೆ ಅದು ಒಳ್ಳೆಯದೇ, ಎಚ್ಚರಿಕೆ ಬೇಗ ಸಿಕ್ಕಿತು. ಭರಣಿಯ ಉಪ್ಪು ಚಮಚಕ್ಕೆ ಅಂಟುವ ದಿನ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಡಬ್ಬದ ಹಪ್ಪಳ ಮೆತ್ತಗಾದ ದಿನವೂ ಅಷ್ಟೇ.

ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಈ ಕೆಲಸದ ಯೋಚನೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ನವೆಂಬರ್ ನಂತರ ಕರಾವಳಿಯವರಿಗೆ ಒಳ್ಳೆಯ ಹೊತ್ತು ಇಬ್ಬನಿ ಆರಿದ ಮೇಲೆ, ಕಡಲಗಾಳಿ ಏಳುವ ಮುನ್ನ: ಸುಮಾರು ಒಂಬತ್ತೂವರೆಯಿಂದ ಹನ್ನೆರಡು. ಕಡಲಗಾಳಿ ತೇವವನ್ನಷ್ಟೇ ತರುವುದಿಲ್ಲ, ಉಪ್ಪಿನ ಕಣವನ್ನೂ ಮರಳನ್ನೂ ತಂದು ಹಸಿ ರಬ್ಬರಿನ ಮೇಲೆ ಕೂರಿಸುತ್ತದೆ. ಶಿರಸಿ ಘಟ್ಟದ ಮೇಲೆ 600 ಮೀಟರ್ ಆಸುಪಾಸಿನ ಎತ್ತರದಲ್ಲಿದೆ, ಅಲ್ಲಿ ಚಳಿಗಾಲದ ಮಂಜು ಕರಗಲು ತಡ. ಭಾವ ಹನ್ನೊಂದರ ನಂತರ ಶುರುಮಾಡಿ ಮೂರೂವರೆಗೆ ಮುಗಿಸುತ್ತಾನೆ.

ಆಗಲೇ ಬೆಳ್ಳಗಾಗಿದ್ದರೆ? ಸುಲಿದು ಎಸೆಯುವ ಅಗತ್ಯವಿಲ್ಲ. ಹಸಿಯಿದ್ದಾಗಲೇ ಕಂಡರೆ ಕೈ ನಿಲ್ಲಿಸಿ, ದ್ರಾವಕದ ವಾಸನೆ ಪೂರ್ತಿ ಹೋದ ಮೇಲೆ ಹೇರ್ ಡ್ರೈಯರನ್ನು ಒಂದಡಿ ದೂರದಲ್ಲಿ ಆಡಿಸಿ. ಮಬ್ಬು ನಿಧಾನವಾಗಿ ಕರಗಿದರೆ ಅದು ತೇವವೇ ಎಂಬುದು ಖಾತ್ರಿಯೂ ಆಯಿತು. ಒಣಗಿದ ಮೇಲೆ ಕಂಡಿದ್ದರೆ ಒಣ ದಿನಕ್ಕೆ ಕಾದು ಮೇಲಿಂದ ಒಂದು ಕೋಟ್ ಕೊಡಿ. ಹೊಸ ದ್ರಾವಕ ಹಳೆಯ ಪೊರೆಯನ್ನು ಮತ್ತೆ ಮೆತ್ತಗೆ ಮಾಡುತ್ತದೆ, ಸಿಕ್ಕಿಕೊಂಡ ತೇವ ಹೊರಬೀಳುತ್ತದೆ. ನನ್ನ ಸೆಪ್ಟೆಂಬರ್ ಗ್ರಿಲ್ ಸರಿಯಾದದ್ದು ಹೀಗೆಯೇ. ಡಬ್ಬಿಯನ್ನು ಹೊಡೆಯುವ ಮೊದಲು ಉಗುರುಬೆಚ್ಚನೆ ನೀರಿನ ಬಕೆಟ್‌ನಲ್ಲಿ ಐದು ನಿಮಿಷ ಇಡುವುದೂ ಸಹಾಯ ಮಾಡುತ್ತದೆ. ಉಗುರುಬೆಚ್ಚಗೆ ಎಂದರೆ ಮಗುವಿಗೆ ಮೀಯಿಸುವ ನೀರಿನಷ್ಟು. ಕುದಿನೀರು ಬೇಡ, 50 ಡಿಗ್ರಿ ಮೀರಿದರೆ ಒತ್ತಡದ ಡಬ್ಬಿ ಅಪಾಯ.

ಅಂಚು ಎದ್ದರೆ ಅದರ ಹಿಂಬದಿ ಓದಿ

ಒಂದೆರಡು ತಿಂಗಳಿಗೆ ಗ್ರಿಲ್‌ನ ಅಂಚಿನಲ್ಲಿ, ಕಿಟಕಿಯ ಕ್ರೋಮ್ ಪಟ್ಟಿಯ ತುದಿಯಲ್ಲಿ ಪೊರೆ ಸುರುಳಿಯಾಗಿ ಏಳುವುದುಂಟು. ತಕ್ಷಣ ಫೆವಿಕ್ವಿಕ್ ಹಾಕಿ ಕೂರಿಸಿದವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ಮುಂದೆ ಸುಲಿಯಲು ಬಾರದು, ಕಾರಣವೂ ತಿಳಿಯದು. ಅದರ ಬದಲು ಎದ್ದ ತುದಿಯನ್ನು ಉಗುರಿನಿಂದ ಮೆಲ್ಲಗೆ ಒಂದು ಸೆಂಟಿಮೀಟರ್ ಎತ್ತಿ, ಬೆಳಕಿಗೆ ಹಿಡಿದು ಹಿಂಬದಿ ನೋಡಿ.

ನಮ್ಮ ಕಾರಿನ ಎಡಬದಿಯ ಪಟ್ಟಿಯಲ್ಲಿ ನಾನು ಎತ್ತಿದಾಗ ಹಿಂಬದಿ ಒದ್ದೆಯಾಗಿತ್ತು. ಅಂಗೈ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದೆ. ಎರಡು ನಿಮಿಷದಲ್ಲಿ ನೀರು ಆರಿ, ರಬ್ಬರಿನ ಮೇಲೆ ರವೆಗಿಂತ ಸಣ್ಣ ಹರಳುಗಳು ಮಿನುಗಿದವು. ಉಪ್ಪು. ಬಲಬದಿಯ ಪಟ್ಟಿ, ಅಂದರೆ ನಿಲ್ಲಿಸಿದಾಗ ಗೋಡೆಯ ಕಡೆಗಿರುವುದು, ಗಟ್ಟಿಯಾಗಿಯೇ ಇತ್ತು. ಎಡಬದಿ ಸಮುದ್ರಕ್ಕೆ ಮುಖ. ಹೊಡೆಯುವ ಮೊದಲು ಒಂದೇ ಸಲ ತೊಳೆದಿದ್ದೆ, ಪಟ್ಟಿಗೂ ಗಾಜಿನ ರಬ್ಬರಿಗೂ ನಡುವಿನ ಸಂದಿಯಲ್ಲಿ ಉಪ್ಪು ಉಳಿದಿತ್ತು. ಪೊರೆ ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ. ಒಳಗಿನ ಉಪ್ಪು ಹೊರಗಿನ ತೇವವನ್ನು ದಿನಾ ಒಂದಿಷ್ಟು ಎಳೆದುಕೊಂಡು ಕೊನೆಗೆ ರಬ್ಬರನ್ನೇ ಎತ್ತಿಬಿಟ್ಟಿತು.

ಹಿಂಬದಿಯಲ್ಲಿ ಕೆಂಪು ಪುಡಿ ಕಂಡರೆ ಅದು ನಮ್ಮ ಚಿರೇಕಲ್ಲಿನ ಮಣ್ಣು. ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ ಓಡಾಡುವ ಕಾರುಗಳ ಬಂಪರ್ ಸಂದಿಯಲ್ಲಿ ಇದು ಪದರವಾಗಿ ಕೂತಿರುತ್ತದೆ, ಪೈಪ್ ನೀರಿಗೆ ಹೋಗುವುದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ ಬೇಕು. ಹಿಂಬದಿ ಒಣಗಿ, ಕನ್ನಡಿಯಂತೆ ಹೊಳೆಯುತ್ತಿದ್ದರೆ ಕೆಳಗೆ ಮೇಣದ ಪಾಲಿಷ್ ಉಳಿದಿತ್ತು. ಹಿಂಬದಿ ಎಲ್ಲ ಸರಿಯಿದ್ದು ಅಂಚು ಮಾತ್ರ ಹರಿದ ಕಾಗದದ ಹಾಗೆ ಹಲ್ಲು ಹಲ್ಲಾಗಿದ್ದರೆ ಮಾಸ್ಕಿಂಗ್ ಟೇಪನ್ನು ಒಣಗಿದ ಮೇಲೆ ಕಿತ್ತಿದ್ದೀರಿ. ಕೊನೆಯ ಕೋಟ್ ಹಸಿಯಿರುವಾಗಲೇ ಟೇಪನ್ನು ನಿಧಾನವಾಗಿ, ಅದರ ಮೇಲೆಯೇ ಮಡಚಿ ಎಳೆಯಬೇಕು. ಒಣಗಿದ ಮೇಲೆ ನೆನಪಾದರೆ ಬ್ಲೇಡಿನ ತುದಿಯಿಂದ ಟೇಪಿನ ಮೇಲೆಯೇ ಗೆರೆ ಎಳೆದು ತೆಗೆಯಿರಿ, ಪೇಂಟಿಗೆ ಬ್ಲೇಡ್ ತಾಗಬಾರದು.

ಎದ್ದ ಅಂಚನ್ನು ಮತ್ತೆ ಕೂರಿಸಲಾಗದು. ಆ ತುಂಡನ್ನು ಪೂರ್ತಿ ಸುಲಿದು ಮೊದಲಿನಿಂದ ಮಾಡಿ. ತೊಳೆಯುವುದು ಹೀಗೆ: ಮೇಣವಿಲ್ಲದ ಶಾಂಪೂವಿನಲ್ಲಿ ಒಮ್ಮೆ, ಸಿಹಿನೀರಿನಲ್ಲಿ ಎರಡು ಸಲ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಶುದ್ಧ ಬಟ್ಟೆಯಲ್ಲಿ ಒರೆಸು. ಸಾಕಾಯಿತೇ ಎಂದು ತಿಳಿಯಲು ಒರೆಸುವ ಮೊದಲು ಒಂದು ಲೋಟ ನೀರು ಸುರಿದು ನೋಡಬೇಕು. ನೀರು ಹಾಳೆಯಂತೆ ಹರಡಿ ಇಳಿದರೆ ಮೈ ಶುದ್ಧ; ಕೆಸುವಿನೆಲೆಯ ಮೇಲಿನ ಹಾಗೆ ಮುತ್ತುಮುತ್ತಾಗಿ ಉರುಳಿದರೆ ಪಾಲಿಷ್ ಇನ್ನೂ ಇದೆ. ಸೀಮೆಎಣ್ಣೆಯಲ್ಲಿ ಒರೆಸುವ ಹಳೆಯ ರೂಢಿ ಇಲ್ಲಿ ನಡೆಯದು, ಅದು ಎಣ್ಣೆಯ ಪೊರೆ ಉಳಿಸುತ್ತದೆ. ಹಲಸಿನ ಮೇಣ ತೆಗೆಯಲು ಕೊಬ್ಬರಿ ಎಣ್ಣೆ ಹಚ್ಚಿದ ಜಾಗವಿದ್ದರೆ ಅಲ್ಲಿಯೂ ಆಲ್ಕೊಹಾಲ್ ಒಂದು ಸುತ್ತು ಹೆಚ್ಚು ಬೇಕು.

ಕ್ರೋಮ್ ಆಗಲೇ ಚುಕ್ಕೆ ಬಿದ್ದಿದ್ದರೆ ಇನ್ನೊಂದು ಮಾತು. ಈಗಿನ ಕಾರುಗಳ ಗ್ರಿಲ್ ಹೆಚ್ಚಾಗಿ ಪ್ಲಾಸ್ಟಿಕ್, ಮೇಲೆ ಲೋಹದ ತೆಳು ಲೇಪ. ಆ ಚುಕ್ಕೆಗಳ ಗುಳಿಯೊಳಗೆ ಉಪ್ಪು ಅಡಗಿರುತ್ತದೆ, ಮೇಲೆ ಹೊಡೆದ ರಬ್ಬರಿನಲ್ಲಿ ಸರಿಯಾಗಿ ಆ ಚುಕ್ಕೆಗಳ ಮೇಲೆಯೇ ಗುಳ್ಳೆ ಏಳುತ್ತದೆ. ಒಂದು ರಾತ್ರಿ ಒದ್ದೆ ಬಟ್ಟೆ ಸುತ್ತಿಟ್ಟು ಮರುದಿನ ತೊಳೆದರೆ ಬಹಳಷ್ಟು ಕಡಿಮೆಯಾಗುತ್ತದೆ.

ಉಳಿದ ಕೆಲವು

ಮೀನಿನ ಕಣ್ಣಿನಂಥ ಗುಂಡು ಕುಳಿಗಳು ಬಿದ್ದರೆ ಸಿಲಿಕೋನ್. ಡ್ಯಾಶ್‌ಬೋರ್ಡಿಗೆ, ಟೈರಿಗೆ ಹೊಡೆಯುವ ಹೊಳಪಿನ ಸ್ಪ್ರೇ ಗಾಳಿಯಲ್ಲಿ ಬಂದು ಕೂತದ್ದು. ಮೇಲೆ ಮೇಲೆ ಹೊಡೆದು ಮುಚ್ಚಲು ಹೋಗಬೇಡಿ, ಮುಚ್ಚುವುದಿಲ್ಲ. ಸುಲಿದು, ಒರೆಸಿ, ಮತ್ತೆ ಹೊಡೆಯಿರಿ. ಜೇಡರ ಬಲೆಯಂಥ ಎಳೆಗಳು ಹಾರಿದರೆ ಬಿಸಿಲಿಗೆ ಲೋಹ ಸುಡುತ್ತಿದೆ, ನೆರಳಿಗೆ ತನ್ನಿ. ಸೋರಿದ ಗೆರೆಗಳಿದ್ದರೆ ತೀರ ಹತ್ತಿರ ಹಿಡಿದಿದ್ದೀರಿ. 15ರಿಂದ 20 ಸೆಂಟಿಮೀಟರ್ ಸರಿಯಾದ ದೂರ. ಮೊದಲ ಕೋಟ್ ಅರ್ಧ ಮುಚ್ಚಿದರೆ ಸಾಕು, ಕೆಳಗಿನ ಕ್ರೋಮ್ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿರಬೇಕು. ಅದರ ಮೇಲೆ ಇನ್ನೂ ನಾಲ್ಕೈದು, ನಡುವೆ ಅರ್ಧ ಗಂಟೆ. ಡಬ್ಬಿಯ ಮೇಲೆ ಇದಕ್ಕಿಂತ ಕಡಿಮೆ ಸಮಯ ಬರೆದಿರಬಹುದು, ನಮ್ಮ ಗಾಳಿಗೆ ಅರ್ಧ ಗಂಟೆ ಬೇಕು. ಮುಗಿದ ಮೇಲೆ ಒಂದು ಹಗಲು ಒಂದು ರಾತ್ರಿ ನೀರು ತಾಗಿಸಬೇಡಿ, ರಾತ್ರಿ ಇಬ್ಬನಿ ಬೀಳದ ಕಡೆ ನಿಲ್ಲಿಸಿ. ನೊಜಲ್ ಕಟ್ಟಿಕೊಳ್ಳುತ್ತಿದ್ದರೆ ಕೆಲಸ ಮುಗಿದಾಗ ಡಬ್ಬಿ ತಲೆಕೆಳಗು ಮಾಡಿ, ಬಣ್ಣವಿಲ್ಲದ ಗಾಳಿ ಬರುವ ತನಕ ಒತ್ತಿಬಿಡಿ.

ಪೆಟ್ರೋಲ್ ತುಂಬುವ ಮುಚ್ಚಳದ ಸುತ್ತ ಪೊರೆ ಕರಗಿ ಜಿಗುಟಾದರೆ ಅದು ಚೆಲ್ಲಿದ ಪೆಟ್ರೋಲ್. ಈ ರಬ್ಬರ್ ಪೆಟ್ರೋಲಿಗೆ ತಡೆಯುವುದಿಲ್ಲ. ಅಲ್ಲಿ ಹೊಡೆಯದಿರುವುದೇ ಲೇಸು. ಹಾಗೆಯೇ ಪಾರ್ಕಿಂಗ್ ಸೆನ್ಸರಿನ ಗುಂಡಿಗಳು, ದೀಪಗಳು, ಹಿಂದಿನ ಕೆಂಪು ಪ್ರತಿಫಲಕ, ನಂಬರ್ ಪ್ಲೇಟ್, ಇವನ್ನು ಟೇಪಿನಿಂದ ಮುಚ್ಚಿಯೇ ಶುರುಮಾಡಿ. ಸುಳ್ಳೇ ಪೀಂ ಪೀಂ ಎನ್ನುವ ಸೆನ್ಸರ್ ಸರಿಮಾಡಿಸಲು ಹೋದವರು ಮೊದಲು ಅದರ ಮೇಲಿನ ಕಪ್ಪು ಪೊರೆ ತೆಗೆದು ನೋಡಲಿ.

ಒಲೆಯ ವಿಷಯ ಮಾತ್ರ ದಯವಿಟ್ಟು ಕೇಳಿ. ಘಟ್ಟದ ಮೇಲಿನ ಮನೆಗಳಲ್ಲಿ ಬಚ್ಚಲ ಒಲೆ ಮಳೆಗಾಲವಿಡೀ ಉರಿಯುತ್ತದೆ, ಬಟ್ಟೆಯಿಂದ ಹಿಡಿದು ಎಲ್ಲವನ್ನೂ ಅಲ್ಲಿಯೇ ಒಣಗಿಸಿ ರೂಢಿ. ಬಿಚ್ಚಿದ ಗ್ರಿಲ್ಲನ್ನೂ ಅಲ್ಲಿಗೆ ಒಯ್ದರೆ ತೇವದ ತೊಂದರೆ ಇಲ್ಲವಲ್ಲ ಎಂದು ಭಾವನೂ ಕೇಳಿದ್ದ. ಈ ದ್ರಾವಕಗಳ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚದುರುವುದಿಲ್ಲ, ನೆಲಕ್ಕೆ ಅಂಟಿ ಹರಿದು ಒಲೆಯ ಬಾಯಿಗೆ ಹೋಗಬಲ್ಲದು. ಹೊಡೆಯುವುದೂ ಆರಿಸುವುದೂ ಬಯಲಲ್ಲೇ, ಬೆಂಕಿಯಿಂದ ದೂರ. ಮೂಗಿಗೆ ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯದು, ಪೇಂಟಿಂಗ್ ಕೆಲಸದವರು ಹಾಕುವ ಇದ್ದಿಲು ತುಂಬಿದ ಮಾಸ್ಕ್ ಬೇಕು.

ಸುಲಿಯಲು ಬಾರದಿದ್ದರೆ

ಪೊರೆ ಹಾಳೆಯಾಗಿ ಬಾರದೆ ಚೂರು ಚೂರಾಗಿ ಉದುರುತ್ತಿದ್ದರೆ ತೆಳು ಹೊಡೆದಿದ್ದೀರಿ, ಇಲ್ಲವೇ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿಕೊಂಡು ಅದು ಒರಟಾಗಿದೆ. ಉಗುರಿನಿಂದ ಕೆರೆಯುತ್ತ ಕೂರಬೇಡಿ. ಅದರ ಮೇಲೆಯೇ ಇನ್ನೂ ಮೂರು ನಾಲ್ಕು ದಪ್ಪ ಕೋಟ್ ಹೊಡೆದು ಒಂದು ದಿನ ಬಿಡಿ. ಹಳೆಯದೂ ಹೊಸದೂ ಒಂದಾಗಿ ಬಲೂನಿನ ಹಾಗೆ ಎಳೆದರೆ ಬರುತ್ತದೆ. ಮೂಲೆಯಲ್ಲಿ ಉಳಿದ ಚೂರಿಗೆ ಡಬ್ಲ್ಯೂಡಿ-40 ಹಾಕಿ ಐದು ನಿಮಿಷ ಬಿಟ್ಟು ಮೈಕ್ರೋಫೈಬರ್ ಬಟ್ಟೆಯಲ್ಲಿ ಉಜ್ಜಿ. ಥಿನ್ನರ್ ಮಾತ್ರ ಬೇಡ, ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಬಂಪರಿನ ಕೆಳಗಿನ ತರಿತರಿ ಕಪ್ಪು ಪ್ಲಾಸ್ಟಿಕ್ಕಿಗೆ ಯಾರಾದರೂ ಹೊಡೆದಿದ್ದರೆ ಸುಲಿಯುವ ಆಸೆ ಬಿಡಬೇಕು; ರಬ್ಬರ್ ಆ ತರಿಯೊಳಗೆ ಇಳಿದಿರುತ್ತದೆ.

ನಮ್ಮ ಗ್ರಿಲ್‌ನದು ಎರಡು ಮಳೆಗಾಲ ಕಳೆದ ಮೇಲೆ ಈ ಫೆಬ್ರವರಿಯಲ್ಲಿ ತೆಗೆದೆ. ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ಬಿಟ್ಟು, ಬಲ ತುದಿಯಿಂದ ಹೆಬ್ಬೆರಳಲ್ಲಿ ಉರುಳಿಸಿ ಎತ್ತಿ, ಮೈಗೆ ಸಮಾನಾಂತರವಾಗಿ ಎಳೆಯುತ್ತ ಹೋದೆ. ಐದು ಪಟ್ಟಿಗಳಲ್ಲಿ ನಾಲ್ಕು ಇಡಿಯಾಗಿ ಬಂದವು, ಕೆಳಗಿನ ಕ್ರೋಮ್‌ನ ಹಳೆಯ ಚುಕ್ಕೆಗಳು ಇದ್ದಷ್ಟೇ ಇದ್ದವು, ಹೊಸದು ಎದ್ದಿರಲಿಲ್ಲ. ಐದನೆಯದು, ಎಲ್ಲಕ್ಕಿಂತ ಕೆಳಗಿನದು, ಎರಡು ಕಡೆ ಹರಿಯಿತು. ಅಲ್ಲಿ ಕೈ ಎಟುಕದೆ ಮೂರೇ ಕೋಟ್ ಬಿದ್ದಿದ್ದವು. ಮತ್ತೆ ಹೊಡೆಯುವಾಗ ಗ್ರಿಲ್ಲನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡೆ.